ಕ್ಯಾಸೆಟ್ಟಿನ ಬಾಲದಿಂದ ಒಂದು ದಿನದ ದೂರದರ್ಶನ: ನನ್ನ ಅನುಭವ

1987ರ ಒಂದು ವಾರದ ದಿನ ಬೆಂಗಳೂರು ದೂರದರ್ಶನದಲ್ಲಿ ಸಂಜೆಯಿಂದ ಪ್ರಸಾರ ಮುಗಿಯುವವರೆಗೆ ಏನೇನು ಬಂದಿತ್ತೋ ಅದೆಲ್ಲವನ್ನೂ, ನಡುವಿನ ಸುಮಾರು ಇಪ್ಪತ್ತು ನಿಮಿಷಗಳನ್ನು ಬಿಟ್ಟು, ಬಂದ ಕ್ರಮದಲ್ಲಿಯೇ ಜೋಡಿಸಿ ಮುಗಿಸಿದ್ದೇನೆ. ಬೆಳಗಿನ ಪ್ರಸಾರ ಆ ವರ್ಷದ ಫೆಬ್ರವರಿಯಲ್ಲಷ್ಟೇ ಆರಂಭವಾಗಿತ್ತು; ಅದರಲ್ಲಿ ನನಗೆ ಸಿಕ್ಕಿರುವುದು ಕೊನೆಯ ನಾಲ್ಕೈದು ನಿಮಿಷ ಮಾತ್ರವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮನೆಮನೆಯ ಹಳೆಯ ವಿಡಿಯೊ ಕ್ಯಾಸೆಟ್ಟುಗಳಿಂದ ಇಂಥ ಕೆಲಸ ಆಗುವುದಿಲ್ಲ, ಜನ ಸಿನಿಮಾ ಮತ್ತು ರಾಮಾಯಣವನ್ನು ಬಿಟ್ಟು ಬೇರೇನನ್ನು ಹಿಡಿದಿಟ್ಟಿದ್ದಾರೆ ಎಂದು ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಈ ಕಸುಬಿನ ಹಿರಿಯರೇ ನನಗೆ ಹೇಳಿದ್ದರು. ಅವರ ಮಾತು ಅರ್ಧ ನಿಜ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಯ ರಾಮಾಯಣದ ಕ್ಯಾಸೆಟ್ಟು ಕೇಳಿದರೆ ಗೋಣಿಚೀಲದಲ್ಲಿ ತುಂಬಿ ಕೊಡುತ್ತಾರೆ. ವಾರದ ದಿನದ ಕನ್ನಡ ವಾರ್ತೆಯನ್ನು ಬೇಕೆಂದೇ ರೆಕಾರ್ಡ್ ಮಾಡಿದವರನ್ನು ನಾನು ಇದುವರೆಗೆ ನೋಡಿಲ್ಲ.

ಆದರೆ ಬೇಡವೆಂದೂ ರೆಕಾರ್ಡ್ ಆಗುತ್ತದೆ ಎಂಬುದನ್ನು ಆ ಹಿರಿಯರು ಗಮನಿಸಿರಲಿಲ್ಲ. ಒಂಬತ್ತು ಗಂಟೆಯ ಧಾರಾವಾಹಿಗೆಂದು ಎಂಟೂವರೆಗೇ ಗುಂಡಿ ಒತ್ತಿ ಅಡುಗೆಮನೆಗೆ ಹೋದವರ ಕ್ಯಾಸೆಟ್ಟಿನಲ್ಲಿ ಕನ್ನಡ ಪ್ರಸಾರದ ಕೊನೆಯ ಹತ್ತು ನಿಮಿಷ, 8.40ಕ್ಕೆ ದೆಹಲಿಯ ಜಾಲಕ್ಕೆ ಹೊಂದಿಕೊಳ್ಳುವ ಗಳಿಗೆ, ಹಿಂದಿ ವಾರ್ತೆ ಎಲ್ಲವೂ ಇರುತ್ತವೆ. ಧಾರಾವಾಹಿ ಮುಗಿದ ಮೇಲೆ ನಿಲ್ಲಿಸಲು ಮರೆತಿದ್ದರೆ ಇಂಗ್ಲಿಷ್ ವಾರ್ತೆಯೂ ಅದರ ಮುಂದಿನದೂ ಸಿಗುತ್ತದೆ. ಖಾಲಿ ಕ್ಯಾಸೆಟ್ಟು ದುಬಾರಿಯಾಗಿದ್ದ ಕಾಲವಾದ್ದರಿಂದ ಒಂದರ ಮೇಲೆ ಒಂದು ರೆಕಾರ್ಡ್ ಮಾಡುತ್ತಿದ್ದರು. ಮೂರು ಗಂಟೆಯ ಸುರುಳಿಯ ಮೇಲೆ ಎರಡೂವರೆ ಗಂಟೆಯ ಮದುವೆಯನ್ನು ಹತ್ತಿಸಿದರೆ ಕೊನೆಯ ಅರ್ಧ ಗಂಟೆ ಹಳೆಯದಾಗಿಯೇ ಉಳಿಯುತ್ತದೆ. ಅಂಗಡಿಗಳಲ್ಲಿ ಮದುವೆ ಮುಗಿದೊಡನೆ ಕ್ಯಾಪ್ಚರ್, ಅಂದರೆ ಕಂಪ್ಯೂಟರಿಗೆ ಇಳಿಸುವುದನ್ನು, ನಿಲ್ಲಿಸುತ್ತಾರೆ. ನಾನು ನಿಲ್ಲಿಸುವುದಿಲ್ಲ. ನನ್ನ ಇಡೀ ವಿಧಾನ ಇಷ್ಟೇ: ಮುಖ್ಯ ಕಾರ್ಯಕ್ರಮವನ್ನು ಪಕ್ಕಕ್ಕಿಟ್ಟು, ತಲೆ ಮತ್ತು ಬಾಲಗಳನ್ನು ಮಾತ್ರ ಪಟ್ಟಿ ಮಾಡುವುದು.

ಬಾಲಗಳು ಸಿಕ್ಕಿದರೂ ಅವು ಯಾವ ದಿನದವು ಎಂದು ತಿಳಿಯುವುದು ಬೇರೆಯೇ ಕೆಲಸ. ದಿನಪತ್ರಿಕೆಗಳಲ್ಲಿ ಅಂದಂದಿನ ಕಾರ್ಯಕ್ರಮಗಳ ಪಟ್ಟಿ ಅಚ್ಚಾಗುತ್ತಿತ್ತು, ಆದರೆ ಪಟ್ಟಿಯಲ್ಲಿ ಇದ್ದದ್ದೆಲ್ಲ ತೆರೆಯ ಮೇಲೆ ಬರುತ್ತಿರಲಿಲ್ಲವಾದ್ದರಿಂದ ಅದನ್ನು ಸಾಕ್ಷಿಯೆಂದು ಪೂರ್ತಿ ನಂಬುವಂತಿಲ್ಲ. ವಾರ್ತೆಯ ತುಣುಕು ಇದ್ದರೆ ಸುಲಭ. ಇಲ್ಲದಿದ್ದಾಗ ನನಗೆ ಅತ್ಯಂತ ಹೆಚ್ಚು ನೆರವಾದದ್ದು ಕಾಣೆಯಾದವರ ಪ್ರಕಟಣೆ. ಮಸುಕಾದ ಕಪ್ಪುಬಿಳುಪು ಫೋಟೊ, ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಮನೆ ಬಿಟ್ಟಾಗ ನೀಲಿ ಷರಟು ಧರಿಸಿದ್ದರು ಎಂದು ಓದುತ್ತಾ ಕೊನೆಗೆ ಇಂಥ ತಾರೀಖಿನಿಂದ ಕಾಣೆಯಾಗಿದ್ದಾರೆ ಎನ್ನುತ್ತಾರೆ. ಅಂದರೆ ಆ ತುಣುಕು ಆ ತಾರೀಖಿಗಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಎರಡನೆಯ ಸಾಕ್ಷಿ ಉದ್ಘೋಷಕಿಯ ಸೀರೆ. ಎರಡು ಬೇರೆ ಬೇರೆ ಮನೆಗಳ ಕ್ಯಾಸೆಟ್ಟುಗಳಲ್ಲಿ ಅದೇ ಉದ್ಘೋಷಕಿ ಅದೇ ಹಸಿರು ಸೀರೆಯಲ್ಲಿ ಕಾಣಿಸಿದಾಗ ಅನುಮಾನ ಬಂತು. ಭುಜದ ಮೇಲೆ ಸೆರಗಿನ ಮಡಿಕೆ ಬಿದ್ದಿರುವ ರೀತಿ ಮತ್ತು ಮುಡಿಯಿಂದ ಬಲಗಡೆಗೆ ಜಾರಿದ ಮಲ್ಲಿಗೆ ಮಾಲೆ ಎರಡರಲ್ಲಿಯೂ ಒಂದೇ ಎಂದು ಖಚಿತವಾದ ಮೇಲೆ ನನ್ನ ದಿನಕ್ಕೆ ಬೆನ್ನೆಲುಬು ಸಿಕ್ಕಿತು. ಸೀರೆಯೊಂದೇ ಸಾಲದು, ಅದನ್ನು ಮತ್ತೆ ಉಟ್ಟಿರಬಹುದು. ಮಡಿಕೆ ಮತ್ತೊಮ್ಮೆ ಹಾಗೆಯೇ ಬೀಳುವುದಿಲ್ಲ.

ಆ ದಿನದ ತಾರೀಖನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಕಾಣೆಯಾಗಿರುವ ಇಪ್ಪತ್ತು ನಿಮಿಷ ತಮ್ಮಲ್ಲಿದೆ ಎಂದು ಯಾರಾದರೂ ಬಂದರೆ, ತಾರೀಖನ್ನು ಅವರ ಬಾಯಿಂದಲೇ ಕೇಳಬೇಕಾಗಿದೆ.

ಇನ್ನು ಖರ್ಚಿನ ವಿಷಯ. ಕ್ಯಾಸೆಟ್ಟು ಓಡಿಸುವ, ಮಾಮೂಲಿಗಿಂತ ಮೇಲ್ದರ್ಜೆಯ ಎಸ್-ವಿಎಚ್ಎಸ್ ವಿಸಿಆರ್ ಒಂದಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಕೊಟ್ಟೆ. ಅದಕ್ಕೂ ಮೊದಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರಸ್ತೆಯ ಒಬ್ಬ ವ್ಯಾಪಾರಿ ಹೊಸ ಹೆಡ್ (ಟೇಪನ್ನು ಓದುವ ಭಾಗ) ಹಾಕಿದೆ ಎಂದು ಹೇಳಿ ಏಳೆಂಟು ಸಾವಿರಕ್ಕೆ ಮಾರಿದ ಯಂತ್ರ, ಮನೆಗೆ ತಂದ ವಾರದಲ್ಲಿಯೇ ಎರಡು ಒಳ್ಳೆಯ ಟೇಪುಗಳನ್ನು ಜಗಿದು ಹಾಕಿತು. ಅದರಲ್ಲಿ ಒಂದು ಮತ್ತೆಂದೂ ಸಿಗದ ಸಂಜೆಯದಾಗಿತ್ತು, ದುಡ್ಡಂತೂ ವಾಪಸಾಗಲಿಲ್ಲ. ಈಗ ಅಪಾಯದ ಹೊಂದಾಣಿಕೆಗಳಿಗೆಲ್ಲ ಆ ಯಂತ್ರವೇ ನನ್ನ ಬಲಿಪಶು. ಒಂದೊಂದು ಮನೆಯ ವಿಸಿಆರ್ ಒಂದೊಂದು ಓರೆಯಲ್ಲಿ ರೆಕಾರ್ಡ್ ಮಾಡಿರುತ್ತದೆ, ಚಿತ್ರವನ್ನು ಹೊಂದಿಸುವ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದಷ್ಟಕ್ಕೆ ಸರಿಹೋಗದು. ಹೆಡ್ ಕೂತಿರುವ, ತಿರುಗುವ ಡ್ರಮ್ಮಿನ ಅಕ್ಕಪಕ್ಕದಲ್ಲಿ ಟೇಪಿಗೆ ದಾರಿ ತೋರುವ ಗೈಡುಗಳನ್ನೇ ಆ ಟೇಪಿಗೆ ತಕ್ಕಂತೆ ತಿರುಗಿಸಬೇಕಾಗುತ್ತದೆ. ಒಳ್ಳೆಯ ಯಂತ್ರದಲ್ಲಿ ಯಾರೂ ಇದನ್ನು ಮಾಡಬೇಡಿ. ಅಲುಗಾಡುವ ಚಿತ್ರವನ್ನು ನೆಟ್ಟಗೆ ಮಾಡುವ ಟೈಮ್ ಬೇಸ್ ಕರೆಕ್ಟರಿಗೆ ಲಕ್ಷ ಸುರಿಯುವ ಶಕ್ತಿ ನನಗಿಲ್ಲ, ಅದೇ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುವ ಹಳೆಯ ಡಿವಿಡಿ ರೆಕಾರ್ಡರನ್ನು ವಿಸಿಆರಿಗೂ ಕಂಪ್ಯೂಟರಿಗೂ ನಡುವೆ ಕೂರಿಸುವುದು ಈ ಕಸುಬಿನವರ ಉಪಾಯ, ನನ್ನದೂ ಅದೇ. ಡಿಸ್ಕು, ಬಸ್ ಚಾರ್ಜು, ಕ್ಯಾಸೆಟ್ಟು ಕೊಟ್ಟವರಿಗೆ ಪುಕ್ಕಟೆಯಾಗಿ ಮಾಡಿಕೊಟ್ಟ ಮದುವೆ ಪ್ರತಿಗಳು ಎಲ್ಲ ಸೇರಿ ಒಂದು ಲಕ್ಷ ದಾಟಿರಬೇಕು. ಬೂಷ್ಟು ಹಿಡಿದ ಟೇಪನ್ನು ನಾನು ಹೇಗೆ ತೊಳೆಯುತ್ತೇನೆ, ಯಾವ ಬಟ್ಟೆ, ಎಷ್ಟು ನಿಧಾನ ಎಂಬುದನ್ನು ಬರೆಯುವುದಿಲ್ಲ. ಮಲೆನಾಡಿನ ಗಿರಾಕಿಗಳು ನನ್ನನ್ನು ಹುಡುಕಿಕೊಂಡು ಬರುವುದೇ ಅದಕ್ಕಾಗಿ.

ಜಿಲ್ಲೆಗಳಿಂದ ಬಂದ ಕ್ಯಾಸೆಟ್ಟುಗಳು ಮೊದಲು ನಿರಾಸೆ ತಂದವು. ಆಗಿನ ಸಣ್ಣ ಊರುಗಳ ನೂರು ವಾಟಿನ ಮರುಪ್ರಸಾರ ಕೇಂದ್ರಗಳು ಇನ್ಸಾಟ್-1ಬಿ ಉಪಗ್ರಹದಿಂದ ಇಳಿಯುತ್ತಿದ್ದ ದೆಹಲಿಯ ಕಾರ್ಯಕ್ರಮಗಳನ್ನು ಹಾಗೆಯೇ ಬಿತ್ತರಿಸುತ್ತಿದ್ದವು. ಬೆಂಗಳೂರಿನ ಕನ್ನಡ ಅಲ್ಲಿಗೆ ತಲುಪುತ್ತಿರಲಿಲ್ಲ. ನಾವು ಇಲ್ಲಿ ಕನ್ನಡದಲ್ಲಿ ಕೃಷಿ ಕಾರ್ಯಕ್ರಮ ನೋಡುತ್ತಿದ್ದಾಗ ಅವರ ತೆರೆಯ ಮೇಲೆ ಹಿಂದಿ ಓಡುತ್ತಿತ್ತು. ಆದರೆ 8.40ರ ನಂತರ ಎಲ್ಲರದೂ ಒಂದೇ. ಹಿಂದಿ ವಾರ್ತೆಯ ಭಾಗಕ್ಕೆ ನನ್ನ ಬಳಿ ಮೂರು ಊರುಗಳ ಮೂರು ಪ್ರತಿಗಳು ಕೂಡಿದ್ದವು, ಒಂದಕ್ಕಿಂತ ಒಂದು ಕೆಟ್ಟದು. ಮೂರನ್ನೂ ಚೌಕಟ್ಟಿಗೆ ಚೌಕಟ್ಟು ಹೊಂದಿಸಿ, ಪ್ರತಿ ಚುಕ್ಕೆಗೆ ಮೂರರಲ್ಲಿ ನಡುವಿನ ಬೆಲೆಯನ್ನು ಆರಿಸಿದಾಗ ಬಿಳಿ ಗೀರುಗಳು ಮಾಯವಾಗಿ, ಹಿಮದಂತೆ ಉದುರುತ್ತಿದ್ದ ಚುಕ್ಕೆಗಳು ಬಹಳಮಟ್ಟಿಗೆ ತಗ್ಗಿದವು. ಎರಡೇ ಪ್ರತಿ ಇದ್ದರೆ ಈ ಆಟ ನಡೆಯದು, ಯಾವುದು ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸುವುದಕ್ಕೆ ಮೂರನೆಯದು ಬೇಕೇ ಬೇಕು. ಆ ಹತ್ತು ಹದಿನೈದು ನಿಮಿಷಗಳ ಚಿತ್ರ ಇಡೀ ದಿನದಲ್ಲಿಯೇ ಅತ್ಯಂತ ಸ್ವಚ್ಛವಾಗಿದೆ, ನೋಡಿದವರು ಸ್ಟುಡಿಯೊ ಪ್ರತಿಯೇ ಎಂದು ಕೇಳುತ್ತಾರೆ.

ಇದರ ನಡುವೆ ಮತ್ತೊಂದು ಹುಚ್ಚು ಪ್ರಯೋಗಕ್ಕೆ ಒಂದು ತಿಂಗಳು ಕಳೆದೆ. ಕ್ಯಾಸೆಟ್ಟಿನ ಧ್ವನಿಯಲ್ಲಿ ಮನೆಯ ಕರೆಂಟಿನ ಗುಂಯ್ ಎಂಬ ನಾದ ಸೇರಿಕೊಂಡಿರುತ್ತದೆ. ನಮ್ಮ ದಕ್ಷಿಣದ ಜಾಲದಲ್ಲಿ ಆ ಕಾಲಕ್ಕೆ ಆವರ್ತನ ಸೆಕೆಂಡಿಗೆ 50ರಲ್ಲಿ ನಿಲ್ಲದೆ ಕೆಳಗಿಳಿದು ಏರಿಳಿಯುತ್ತಿದ್ದುದರಿಂದ, ಆ ಏರಿಳಿತ ಎರಡು ಕ್ಯಾಸೆಟ್ಟುಗಳಲ್ಲಿ ಒಂದೇ ಆಗಿದ್ದರೆ ಅವು ಒಂದೇ ಹೊತ್ತಿನಲ್ಲಿ ರೆಕಾರ್ಡ್ ಆದವು ಎಂದು ಸಾಧಿಸಬಹುದೆಂಬ ಯೋಚನೆ. ಒಂದು ಜೋಡಿಯಲ್ಲಿ ಹತ್ತು ನಿಮಿಷ ಗೆರೆ ಮೇಲೆ ಗೆರೆ ಕೂತಿತು. ಉಳಿದವುಗಳಲ್ಲಿ ಗದ್ದಲವಲ್ಲದೆ ಬೇರೇನೂ ಕಾಣಲಿಲ್ಲ. ಸೀರೆಯ ಮಡಿಕೆಯೇ ಮೇಲು ಎಂದುಕೊಂಡು ಬಿಟ್ಟುಬಿಟ್ಟೆ, ಹಿಡಿದು ಮುಂದುವರಿಸುವವರಿದ್ದರೆ ಫೈಲುಗಳನ್ನು ಕೊಡುತ್ತೇನೆ.

ಉಳಿದಿರುವ ಬಿರುಕು ಕೃಷಿ ಕಾರ್ಯಕ್ರಮ ಮತ್ತು ಕನ್ನಡ ವಾರ್ತೆಯ ನಡುವಿನದು. ನನ್ನ ಬಳಿ ಇದ್ದ ಒಂದೇ ಪ್ರತಿಯಲ್ಲಿ ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿದೆ. ಚಿತ್ರ ಕುಗ್ಗಿ, ಬಣ್ಣ ಹೋಗಿ, ಕಡಿದು, ಮುಂದಿನ ಚೌಕಟ್ಟಿನಲ್ಲಿ ಬೇರೊಂದು ವರ್ಷದ ಕ್ರಿಕೆಟ್ ಆಟ ನಡೆಯುತ್ತಿದೆ. ಆದ್ದರಿಂದ ಬೇಕಾಗಿರುವುದು ಬೆಂಗಳೂರಿನ ದೊಡ್ಡ ಗೋಪುರದ ಪ್ರಸಾರವನ್ನು ಮನೆಯ ಮೇಲಿನ ಆಂಟೆನಾದಿಂದ ನೇರವಾಗಿ ಹಿಡಿದ, 1987ರ ಸಂಜೆಯ ಕ್ಯಾಸೆಟ್ಟುಗಳು. ಮದುವೆ, ನಾಮಕರಣ, ಗೃಹಪ್ರವೇಶ ಯಾವುದನ್ನು ಮೇಲೆ ಹತ್ತಿಸಿದ್ದರೂ ಪರವಾಗಿಲ್ಲ, ಕೊನೆಯವರೆಗೆ ಓಡಿಸಿ ನೋಡುತ್ತೇನೆ. ಬೂಷ್ಟು ಹಿಡಿದಿದ್ದರೆ ನೀವು ಒರೆಸಲು ಹೋಗದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ, ಕಾಗದದಲ್ಲಿ ಸುತ್ತಿ ಕಳುಹಿಸಿ. ಸಾಗಣೆ ಖರ್ಚು ನನ್ನದು, ಮದುವೆಯ ಪ್ರತಿ ನಿಮಗೆ ಉಚಿತ. ಆದರೆ ರಾಮಾಯಣ ಬೇಡ.