ರೊಟ್ಟಿ ಬಡಿ ಅಂದಾಗ

"ಕಲ್ಲನ್ನ ಮಾತಾಡಿಸೋಕೆ ಹೊರಟಿದ್ದೀರಾ ಡಾಕ್ಟ್ರೇ?" ನಮ್ಮ ಹಿರಿಯರೊಬ್ಬರು ಎಲ್ಲರೆದುರೇ ಕೇಳಿದ್ದರು. ನನ್ನ ರೋಗಿಗಳು ಮಿದುಳಿಗೆ ಪೆಟ್ಟಾದವರು. ಕಣ್ಣು ಬಿಡುತ್ತಾರೆ, ಹೇಳಿದರೆ ಬೆರಳೂ ಆಡಿಸುವುದಿಲ್ಲ. ಒಳಗೆ ಅರಿವಿದೆಯಾ ಅಂತ ನೋಡಲು ಅಂಥವರಿಗೆ, ಮಿದುಳಿನ ಯಾವ ಜಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಫಂಕ್ಷನಲ್ ಎಂಆರ್‌ಐ ಮಾಡಿಸುವುದು ದುಡ್ಡಿಗೆ ದಂಡ ಅಂತ ಅವರ ಲೆಕ್ಕ. ಮೊದಲ ಆರು ಜನ ಅವರ ಮಾತನ್ನೇ ನಿಜ ಮಾಡಿದರು.

ಒಬ್ಬರು ಒಳಗೆ ಗೊರಕೆ ಹೊಡೆದರು. ಟ್ಯೂಬಿನಲ್ಲಿ ಫೀಡ್ (ಊಟ) ಆದ ಮೇಲೆ ಕರೆಸಿದ್ದೆ, ತಪ್ಪು ನನ್ನದೇ. ಇನ್ನೊಬ್ಬರು ತಲೆ ಅಲ್ಲಾಡಿಸುತ್ತಾರೆ ಅಂತ ನಿದ್ದೆ ಬರಿಸುವ ಮಿಡಜೋಲಮ್ ಕೊಡಿಸಿದೆ. ಮಲಗಿಸಿ 'ಎಚ್ಚರ ಇದ್ದೀರಾ' ಅಂತ ಕೇಳಿದ ಹಾಗಾಯಿತು. ಮೂರನೆಯವರಿಗೆ ಉಸಿರಾಡಲು ಕತ್ತಿನಲ್ಲಿ ಹಾಕಿದ್ದ ಟ್ರಕಿಯಾಸ್ಟಮಿ ಟ್ಯೂಬ್ ಲೋಹದ್ದು, ಯಂತ್ರದ ಅಯಸ್ಕಾಂತಕ್ಕೆ ಆಗಲ್ಲ. ಬಾಗಿಲಿಂದಲೇ ವಾಪಸ್. ಆಂಬುಲೆನ್ಸಿನ ಎರಡೂವರೆ ಸಾವಿರ ನನ್ನ ಜೇಬಿನಿಂದ ಹೋಯಿತು. ಸ್ಕ್ಯಾನಿಗೆ ಸಲಕ್ಕೆ 8–9 ಸಾವಿರ, ಅದು ಬೇರೆ.

ಏಳನೆಯವರು ಗದಗ ಕಡೆಯ ಹೆಂಗಸು. ಅರಿವನ್ನು ಅಳೆಯುವ ಸಿಆರ್‌ಎಸ್-ಆರ್ ಪರೀಕ್ಷೆಯಲ್ಲಿ 23ಕ್ಕೆ ಆರೋ ಏಳೋ. ನರವಿಜ್ಞಾನಿ ಏಡ್ರಿಯನ್ ಓವೆನ್ 2006ರಲ್ಲಿ ಇಂಥದ್ದೇ ಒಬ್ಬ ರೋಗಿಗೆ ಮಾಡಿದಂತೆ 'ಟೆನಿಸ್ ಆಡುತ್ತಿದ್ದೀರಿ ಅಂದುಕೊಳ್ಳಿ' ಅಂತ ಅವರಿಗೂ ಕೇಳಿಸಿದೆ, ನನ್ನದೇ ದನಿಯಲ್ಲಿ. ಸ್ಕ್ಯಾನಿನಲ್ಲಿ ಏನೂ ಬರಲಿಲ್ಲ. ನಮ್ಮಲ್ಲಿ ಪಿಜಿ ಓದುವ ಡಾಕ್ಟರ್ ಹುಡುಗರನ್ನೇ ಮಲಗಿಸಿ ನೋಡಿದರೆ ಅವರಲ್ಲೂ ಇಬ್ಬರಿಗೆ ಬರಲಿಲ್ಲ. "ರ‍್ಯಾಕೆಟ್ ಹಿಡಿದೇ ಇಲ್ಲ ಸಾರ್" ಅಂದರು.

ಆಕೆಯ ಅಕ್ಕನಿಂದ ಹೊಸದಾಗಿ ರೆಕಾರ್ಡ್ ಮಾಡಿಸಿದೆ. "ತಂಗೀ, ರೊಟ್ಟಿ ಬಡಿ." ಅಷ್ಟೇ. ಬೆಳಿಗ್ಗೆ ಫೀಡಿಗೆ ಮುಂಚೆ, 30 ಸೆಕೆಂಡ್ ಮನಸ್ಸಿನಲ್ಲೇ ಬಡಿಯುವುದು, 30 ಸೆಕೆಂಡ್ ಸುಮ್ಮನಿರುವುದು, ಐದು ಸಲ. ಮಿದುಳಿನಲ್ಲಿ ಚಲನೆಗೆ ತಯಾರಿ ನಡೆಸುವ ಸಪ್ಲಿಮೆಂಟರಿ ಮೋಟಾರ್ ಏರಿಯಾ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. 'ರೊಟ್ಟಿ' ಅನ್ನೋ ಮಾತಿಗೇ ಬಂತೇನೋ ಅಂತ "ಅಕ್ಕ ರೊಟ್ಟಿ ಬಡೀತಾಳ" ಅಂತಲೂ ಕೇಳಿಸಿದೆ. ಆ ಜಾಗ ತೆಪ್ಪಗಿತ್ತು. ಎರಡು ವಾರ ಬಿಟ್ಟು ಮಾಡಿದಾಗಲೂ ಹಾಗೇ. ಸೂಚನೆಗೆ ಮುಂಚೆ ಹೆಡ್‌ಫೋನಿನಲ್ಲಿ ಒಂದು ಸಣ್ಣ ಸದ್ದು ಕೊಡುತ್ತೇನೆ. ಯಾವ ಸದ್ದು ಅಂತ ಮಾತ್ರ ಈಗಲೇ ಹೇಳಲ್ಲ.

ನಡುವೆ, ವಾಸನೆಗೆ ಉಸಿರು ಬದಲಾಗುತ್ತದೇನೋ ಅಂತ, ಮೂಗಿನ ಹತ್ತಿರ ಕಾಫಿಪುಡಿ ಹಿಡಿದು ಉಸಿರು ಅಳೆದದ್ದೂ ಉಂಟು. ಒಂದು ತಿಂಗಳು ಹೋಯಿತು, ವಾರ್ಡೆಲ್ಲ ಘಮಘಮ, ಲಾಭ ಅಷ್ಟೇ. ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಳೆಯುವ ಇಇಜಿಯಲ್ಲಿ ಖರ್ಚು ಕಾಲು ಭಾಗವೂ ಇಲ್ಲ, ಆದರೆ ಹಲ್ಲು ಕಚ್ಚುವವರಲ್ಲಿ ಬರೀ ಸ್ನಾಯುವಿನ ಗದ್ದಲ.

ಇಲ್ಲಿಯವರೆಗೆ ಹತ್ತೊಂಬತ್ತು ಜನರಲ್ಲಿ ಮೂವರಿಗೆ ಇಂಥ ಉತ್ತರ ಬಂದಿದೆ. 2024ರ ದೊಡ್ಡ ಅಧ್ಯಯನದಲ್ಲಿ, ಸ್ಕ್ಯಾನ್, ಇಇಜಿ ಎರಡೂ ಲೆಕ್ಕಕ್ಕೆ ತಗೊಂಡು, ಹೇಳಿದ್ದಕ್ಕೆ ಮೈ ಆಡಿಸದ 241 ಜನರಲ್ಲಿ 60 ಜನಕ್ಕೆ ಬಂದಿತ್ತು. ಬರದಿದ್ದರೆ ಅರಿವೇ ಇಲ್ಲ ಅಂತ ನಾನು ಬರೆದುಕೊಡುವುದಿಲ್ಲ. ಟೆನಿಸ್ ದಿನ ಆಕೆಗೂ ಬಂದಿರಲಿಲ್ಲ ಅಲ್ವಾ?

ಕಳೆದ ತಿಂಗಳು ಆ ಹಿರಿಯರೇ ಒಬ್ಬರನ್ನು ಕಳಿಸಿದ್ದರು. ಟ್ಯೂಬ್ ಲೋಹದ್ದು.