ಹಬ್ಬಕ್ಕೆ ಎರಡು ದಿನ ಮೊದಲೇ ಹೋಗಿ

ನನ್ನ ತಂಗಿಯ ಮಗ ಕಾರವಾರದಲ್ಲಿ ನೌಕರಿಯಲ್ಲಿದ್ದಾನೆ. ಕಳೆದ ಮಾಘದಲ್ಲಿ ಮದುವೆಯಾಯಿತು. ಅವನ ಮೂಲಮನೆ ಶಿರಸಿಯ ಹತ್ತಿರ, ಅಡಿಕೆ ತೋಟದ ತಲೆಯಲ್ಲಿ. ಹುಡುಗಿಯ ತವರು ಕುಮಟಾ ಕಡೆ, ಅಘನಾಶಿನಿ ಹೊಳೆಯ ದಂಡೆಯಲ್ಲಿ. ಒಂದು ಮನೆ ಘಟ್ಟದ ಮೇಲೆ, ಒಂದು ಘಟ್ಟದ ಕೆಳಗೆ, ಬಾಡಿಗೆಯ ಸಂಸಾರ ಸಮುದ್ರದ ಪಕ್ಕದಲ್ಲಿ. ಮೊನ್ನೆ ಇಬ್ಬರೂ ನಮ್ಮಲ್ಲಿಗೆ ಬಂದಿದ್ದಾಗ, ಊಟ ಮುಗಿಸಿ ಎಲೆ ಎತ್ತುತ್ತಾ ಸೊಸೆ ಕೇಳಿದಳು: "ದೊಡ್ಡಾಯಿ, ಇವರಿಗೆ ವರ್ಷಕ್ಕೆ ಸಿಗುವ ರಜೆ ಹನ್ನೆರಡು ದಿನ. ಯಾವ ಹಬ್ಬಕ್ಕೆ ಯಾವ ಮನೆಗೆ ಹೋಗುವುದು?"

ಯಾವ ಮನೆಗೆ ಎಂಬುದನ್ನು ಹಿರಿಯರು ಆಗಲೇ ತೀರ್ಮಾನಿಸಿ ಇಟ್ಟಿದ್ದಾರೆ. ಹೊಸ ಮದುಮಗಳಿಗೆ ಆಷಾಢ ತವರಿನದು. ಚೌತಿ ಗಂಡನ ಮನೆಯದು. ಮೊದಲ ದೀಪಾವಳಿಗೆ ಅಳಿಯನನ್ನು ಮಾವನ ಮನೆಯವರು ಕರೆಯುತ್ತಾರೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಯಾವ ದಿನ ಹೋಗಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ನನ್ನ ಮಾತು ಕೇಳುವುದಾದರೆ, ಹಬ್ಬಕ್ಕೆ ಎರಡು ದಿನ ಮೊದಲು ಹೋಗಿ. ಹಬ್ಬದ ಮರುದಿನ ಬೆಳಿಗ್ಗೆ ಬೇಕಾದರೆ ಹೊರಟುಬಿಡಿ. ರಜೆ ಕಡಿಮೆ ಇರುವವರು ಇದರ ತಿರುಗುಮುರುಗು ಮಾಡುತ್ತಾರೆ. ಹಬ್ಬದ ದಿನ ಮಧ್ಯಾಹ್ನ ಬಂದು, ಉಂಡು, ಆಮೇಲೆ ಎರಡು ದಿನ ಮಲಗಿ ಹೋಗುತ್ತಾರೆ.

ನಾನೂ ಹಬ್ಬದ ಮಧ್ಯಾಹ್ನವೇ ಹೋದವಳು. ಮದುವೆಯಾದ ವರ್ಷ ನವರಾತ್ರಿಗೆ ತವರಿಗೆ ಹೋದಾಗ ಗಂಟೆ ಹನ್ನೆರಡಾಗಿತ್ತು. ಆಯಿ ನಗುನಗುತ್ತಲೇ ಬಡಿಸಿದಳು. ನಾನು ಉಂಡು, ಹೊಸ ಸೀರೆ ತೋರಿಸಿ, ಸಂಜೆಯ ಬಸ್ಸಿಗೆ ಹೊರಟೆ. ಆ ವಾರವಿಡೀ ಅವಳ ಬಲಗೈ ಬಾತುಕೊಂಡಿತ್ತು, ಎಡಗೈಯಲ್ಲಿ ಕಾಯಿ ತುರಿದಿದ್ದಳು ಎಂಬುದು ನನಗೆ ತಿಳಿದದ್ದು ತಿಂಗಳ ಮೇಲೆ, ಅದೂ ಅತ್ತಿಗೆಯ ಬಾಯಿಂದ. ಆ ಊಟ ಇವತ್ತಿಗೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಮೊದಲೇ ಹೋದರೆ ಏನು ಸಿಗುತ್ತದೆ ಎಂಬುದಕ್ಕೆ ಚೌತಿಯನ್ನೇ ನೋಡಿ. ಚೌತಿಯ ಹಿಂದಿನ ದಿನಗಳಲ್ಲಿ ನಮ್ಮ ಕಡೆ ಚಕ್ಕುಲಿ ಕಂಬಳ ನಡೆಯುತ್ತದೆ. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ, ಊರವರೆಲ್ಲ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುತ್ತಾರೆ. ಒರಳಿನಲ್ಲಿ ಒತ್ತಿದ ಚಕ್ಕುಲಿಗೂ ಕೈಚಕ್ಕುಲಿಗೂ ಹೋಲಿಕೆಯೇ ಇಲ್ಲ. ತೊಳೆದು ನೆರಳಿನಲ್ಲಿ ಆರಿಸಿದ ಅಕ್ಕಿಯ ಹಿಟ್ಟು ನಾಲ್ಕು ಪಾಲು, ಹದವಾಗಿ ಹುರಿದ ಉದ್ದಿನ ಹಿಟ್ಟು ಒಂದು ಪಾಲು, ಬೆಣ್ಣೆ, ಎಳ್ಳು, ಜೀರಿಗೆ, ಉಪ್ಪು. ಹಿಟ್ಟನ್ನು ಎಷ್ಟು ನಾದಬೇಕೆಂದರೆ, ಬೆರಳಲ್ಲಿ ಎಳೆದು ತಿರುಚಿದಾಗ ಎಲ್ಲಿಯೂ ಬಿರುಕು ಕಾಣಬಾರದು. ಬಿರುಕು ಬಂದರೆ ನೀರು ಸುರಿಯಬೇಡಿ, ಅಂಗೈ ಒದ್ದೆ ಮಾಡಿಕೊಂಡು ಮತ್ತೆ ನಾದಿ. ಹೆಬ್ಬೆರಳು ತೋರುಬೆರಳ ನಡುವೆ ಹಿಟ್ಟು ಹುರಿಹಗ್ಗದಂತೆ ತಿರುಚುತ್ತಾ ಇಳಿಯಬೇಕು, ಕೆಳಗೆ ಬಾಳೆ ಎಲೆಯ ಮೇಲೆ ಸುತ್ತು ತಾನಾಗಿಯೇ ಕೂರಬೇಕು. ಹೊಸಬರಿಗೆ ಮೂರು ಸುತ್ತು ಸಾಕು. ಕಳೆದ ಸಲ ನಮ್ಮ ಪಕ್ಕದ ಮನೆಯ ಹಿರಿಯರು ಹೊಸ ಸೊಸೆಯ ಬೆರಳನ್ನು ತಮ್ಮ ಬೆರಳ ಮೇಲೆ ಇರಿಸಿಕೊಂಡು ತಿರುಚುವುದನ್ನು ಕಲಿಸಿದರು. ಆ ಅರ್ಧ ಗಂಟೆಯಲ್ಲಿ ಆ ಹುಡುಗಿ ಊರಿನವಳಾದಳು. ಹಬ್ಬದ ದಿನ ಬಂದವರಿಗೆ ಚಕ್ಕುಲಿ ಸಿಗುತ್ತದೆ, ಇದು ಸಿಗುವುದಿಲ್ಲ. ಗಂಡಸರೂ ಕೂತು ಸುತ್ತುವ ಕೆಲಸ ಇದು. ತಮ್ಮಾ, ಮೊಬೈಲ್ ಹಿಡಿದು ಜಗಲಿಯಲ್ಲಿ ಕೂರಬೇಡ. ಗಣಪತಿಯ ಮೇಲೆ ಫಲಾವಳಿ ಕಟ್ಟುವುದಕ್ಕೆ ಬೆಟ್ಟದಿಂದ ಕಾಯಿ, ಹೂವು, ಬಳ್ಳಿ ತರುವವರ ಜೊತೆ ಹೋಗು. ಗಿಡದ ಹೆಸರು ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

ದೊಡ್ಡಹಬ್ಬಕ್ಕೂ, ಅಂದರೆ ದೀಪಾವಳಿಗೂ, ಇದೇ ಮಾತು. ಬೂರೆ ನೀರು, ಅಂದರೆ ಅಭ್ಯಂಜನದ ನೀರು, ತುಂಬುವ ಸಂಜೆಗೆ ಮನೆಯಲ್ಲಿರಿ. ಪಾಡ್ಯದ ಬೆಳಿಗ್ಗೆ ದನಗಳಿಗೆ ಕಟ್ಟುವ ಅಡಿಕೆ ಮಾಲೆಯನ್ನು ಹಿಂದಿನ ರಾತ್ರಿಯೇ ಪೋಣಿಸಿ ಮುಗಿಸಬೇಕು. ಬಾಳೆಯ ನಾರನ್ನು ನೀರಿನಲ್ಲಿ ನೆನೆಸಿಟ್ಟುಕೊಂಡರೆ ಕಡಿಯುವುದಿಲ್ಲ. ಪ್ಲಾಸ್ಟಿಕ್ ದಾರ ಬೇಡವೇ ಬೇಡ, ದನ ಮಾಲೆಯನ್ನು ಜಗಿದು ನುಂಗುತ್ತದೆ. ಮೊದಲ ವರ್ಷ ಮಾವನ ಮನೆಗೆ ಹೋಗುವ ಅಳಿಯನೂ ಆ ರಾತ್ರಿ ಮಾಲೆ ಪೋಣಿಸುವವರ ಸಾಲಿನಲ್ಲಿ ಕೂರಲಿ.

ಈಗ ಪ್ರಯಾಣದ ವಿಷಯ. ಮಳೆಗಾಲದಲ್ಲಿ ಘಟ್ಟ ಹತ್ತುವುದಿದ್ದರೆ ಹಗಲಿನಲ್ಲೇ ಹತ್ತಿ ಮುಗಿಸಿ. ಹೊರಡುವ ಹಿಂದಿನ ರಾತ್ರಿ ಮನೆಯವರಿಗೆ ಫೋನ್ ಮಾಡಿ ದೇವಿಮನೆ ಘಟ್ಟ ತೆರೆದಿದೆಯೇ, ಅರಬೈಲು ಸುತ್ತಿ ಬರಬೇಕೇ ಎಂದು ಕೇಳಿಕೊಳ್ಳಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳೇ ಹೋದವು, ರಸ್ತೆ ದಿನಗಟ್ಟಲೆ ಮುಚ್ಚಿತ್ತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟು: ಎರಡು ದಿನಕ್ಕೆ ಹೋಗುವವರು ಐದು ದಿನದ ಮಾತ್ರೆ ಇಟ್ಟುಕೊಳ್ಳಿ, ಗುಡ್ಡ ಕಡಿದ ಜಾಗದ ಬುಡದಲ್ಲಿ ಚಹಾಕ್ಕೆಂದು ಗಾಡಿ ನಿಲ್ಲಿಸಬೇಡಿ. ಕಾರವಾರದಿಂದ ಕುಮಟಾಕ್ಕೆ ರೈಲು ಇದೆ. ಮಳೆಗಾಲಕ್ಕೆ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಬೇಸಿಗೆಯ ಸಮಯವನ್ನು ನಂಬಿ ನಿಲ್ದಾಣಕ್ಕೆ ಹೋಗಬೇಡಿ. ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಹೊರಡುವ ಮೊದಲು ಎಣ್ಣೆ ದೋಸೆ ತಿನ್ನದೆ ಗಂಜಿ ಉಣ್ಣಲಿ, ಶುಂಠಿಯ ಚೂರಿಗೆ ಉಪ್ಪು ಸವರಿ ಬಾಯಲ್ಲಿಟ್ಟುಕೊಳ್ಳಲಿ.

ಕಾರವಾರದ ಮನೆಯನ್ನು ಮಳೆಗಾಲದಲ್ಲಿ ಮುಚ್ಚಿ ಹೋಗುವುದು ಒಂದು ದೊಡ್ಡ ಕೆಲಸ. ಸಮುದ್ರದ ಗಾಳಿಯ ಉಪ್ಪು, ಮೇಲಿಂದ ಮಳೆ; ಹತ್ತು ದಿನ ಬಾಗಿಲು ಹಾಕಿದರೆ ಚಪ್ಪಲಿಯಿಂದ ಹಿಡಿದು ದೇವರ ಪೀಠದವರೆಗೆ ಬೂಷ್ಟು. ಸೊಸೆ ಆಷಾಢಕ್ಕೆ ತವರಿಗೆ ಹೋಗಿ ಬಂದಾಗ ಧಾರೆಯ ಸೀರೆಯ ಜರಿಯ ಮೇಲೆ ಬಿಳಿ ಚುಕ್ಕೆಗಳೆದ್ದಿದ್ದವು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಳು. ರೇಷ್ಮೆಗೆ ಉಸಿರಾಟ ಬೇಕು. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ಜರಿ ಒಳಮುಖವಾಗಿ ಮಡಿಸಿ, ಮಧ್ಯೆ ನಾಲ್ಕು ಲವಂಗ ಹಾಕಿ ಎತ್ತರದ ಕಪಾಟಿನಲ್ಲಿಡಿ. ಕಪಾಟಿನ ಬಾಗಿಲನ್ನು ಬೆರಳಷ್ಟು ತೆರೆದಿಡಿ, ತಳದಲ್ಲಿ ಒಂದು ಮಡಕೆ ಒಣ ಇದ್ದಿಲು ಇಡಿ, ತೇವ ಎಳೆದುಕೊಳ್ಳುತ್ತದೆ. ಇಷ್ಟಾದರೂ ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಜರಿ ಮಡಿಸಿದಲ್ಲೇ ಮುರಿಯುತ್ತದೆ. ಇನ್ನೂ ಒಳ್ಳೆಯ ಉಪಾಯವೆಂದರೆ ಮಳೆಗಾಲದ ನಾಲ್ಕು ತಿಂಗಳು ಬೆಲೆಬಾಳುವ ಸೀರೆಗಳನ್ನು ಘಟ್ಟದ ಮೇಲಿನ ಮನೆಯಲ್ಲೇ ಬಿಡುವುದು. ಬಚ್ಚಲ ಒಲೆಗೆ ದಿನವೂ ಅಡಿಕೆ ಸಿಪ್ಪೆ ಹಾಕುವ ಮನೆಯಲ್ಲಿ ಒಂದಾದರೂ ಬೆಚ್ಚನೆಯ ಅಟ್ಟ ಇದ್ದೇ ಇರುತ್ತದೆ.

ಫ್ರಿಜ್ ಖಾಲಿ ಮಾಡಿ, ಒರೆಸಿ, ಬಾಗಿಲ ಸಂದಿಗೆ ಬಟ್ಟೆಯ ಮಡಿಕೆ ಸಿಕ್ಕಿಸಿ. ಸಿಲಿಂಡರಿನ ಗುಂಡಿ ಮುಚ್ಚಿ, ಟಿವಿಯ ಪ್ಲಗ್ ಕಿತ್ತಿಡಿ. ದೇವರ ಮುಂದಿನ ಹೂವನ್ನೆಲ್ಲ ತೆಗೆದು, ದೀಪದ ಎಣ್ಣೆ ಒರೆಸಿ, ಹುಣಸೆಹಣ್ಣಿನಿಂದ ತಿಕ್ಕಿ ಒಣಗಿಸಿಟ್ಟು ಹೊರಡಿ. ಕೀಲಿಕೈ ಪಕ್ಕದ ಮನೆಗೆ. ಬಿಸಿಲು ಬಿದ್ದ ಹೊತ್ತಿನಲ್ಲಿ ಒಂದು ಗಂಟೆ ಕಿಟಕಿ ತೆರೆಯಲು ಅವರಲ್ಲಿ ಕೇಳಿಕೊಳ್ಳಿ. ಚೌತಿಯ ಚಕ್ಕುಲಿಯಲ್ಲಿ ಮೊದಲ ಪಾಲು ಅವರ ಮನೆಗೇ ಹೋಗಬೇಕು. ನಮ್ಮ ಹುಡುಗರ ಪಕ್ಕದಲ್ಲಿರುವುದು ಒಂದು ಕ್ರೈಸ್ತ ಕುಟುಂಬ. ಕ್ರಿಸ್‌ಮಸ್‌ಗೆ ಅವರ ಮನೆಯಿಂದ ಕರ್ಜಿಕಾಯಿಯಂಥ ನೇವರಿ ತುಂಬಿದ ತಟ್ಟೆ ಬಂದಿತ್ತು ಎಂದು ಸೊಸೆ ಹೇಳಿದಾಗ ನನಗೆ ಸಮಾಧಾನವಾಯಿತು, ಹುಡುಗಿ ಅಲ್ಲಿ ಒಂಟಿಯಲ್ಲ.

ಚಳಿಗಾಲಕ್ಕೆ ಹಬ್ಬ ಕಡಿಮೆ, ಕೆಲಸ ಹೆಚ್ಚು. ಅಡಿಕೆ ಕೊಯ್ಲಿನ ಹೊತ್ತಿಗೆ ಒಂದು ಶನಿವಾರ ರಾತ್ರಿ ಹೋಗಿ, ಮೆಟ್ಟುಗತ್ತಿಯ ಮುಂದೆ ಸುಲಿಯಲು ಕೂತವರ ಜೊತೆ ಸೇರಿಕೊಳ್ಳಿ. ಆಲೆಮನೆ ನಡೆಯುವ ಊರಿದ್ದರೆ ಬಿಸಿ ಜೋನಿಬೆಲ್ಲ ತರಲು ಸ್ಟೀಲಿನ ಡಬ್ಬಿ ಇಟ್ಟುಕೊಳ್ಳಿ, ಪೂರ್ತಿ ಆರುವ ತನಕ ಮುಚ್ಚಬೇಡಿ.

ಬೇಸಿಗೆಯ ಭೇಟಿ ಮಾತ್ರ ಅಪ್ಪೆಮಿಡಿಗಾಗಿ ಎಂದೇ ಮೀಸಲಿಡಿ. ಘಟ್ಟದ ಮೇಲೆ ಮಿಡಿ, ಘಟ್ಟದ ಕೆಳಗೆ ಸಾಣಿಕಟ್ಟೆಯ ಹರಳುಪ್ಪು. ಎರಡೂ ಮನೆ ಸೇರಿದರೇ ಉಪ್ಪಿನಕಾಯಿ. ಸೊಸೆ ತವರಿನಿಂದ ಬರುವಾಗ ಐದು ಕಿಲೋ ಉಪ್ಪು ತಂದರೆ ಅತ್ತೆಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಡ. ಮಿಡಿಯನ್ನು ತೊಟ್ಟು ಸಮೇತ ಕೊಯ್ದಿರಬೇಕು, ನೆಲಕ್ಕೆ ಬಿದ್ದದ್ದು ಒಂದೇ ಒಂದು ಸೇರಿದರೂ ಭರಣಿ ಪೂರ್ತಿ ಮೆತ್ತಗಾಗುತ್ತದೆ. ತೊಳೆದು, ನೀರಿನ ಪಸೆ ಹೋಗುವಂತೆ ಒರೆಸಿ, ಒಂದು ಪದರ ಮಿಡಿ ಒಂದು ಪದರ ಉಪ್ಪು ಹಾಕಿಡಿ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಲ್ಲಿ ತಿರುವಿ. ಮಿಡಿ ಸುಕ್ಕುಗಟ್ಟಿ ಉಪ್ಪುನೀರು ಬಿಟ್ಟ ಮೇಲೆ ಆ ನೀರನ್ನು ಕುದಿಸಿ, ಪೂರ್ತಿ ತಣಿಸಿ, ಅದರಲ್ಲೇ ಸಾಸಿವೆ ಮೆಣಸು ಬೀಸಿ. ಕಾರವಾರಕ್ಕೆ ಒಯ್ಯುವಾಗ ಬಾಯಿಯವರೆಗೆ ತುಂಬಬೇಡಿ, ಘಟ್ಟ ಇಳಿಯುವಾಗ ಉಕ್ಕಿ ಚೀಲವೆಲ್ಲ ಉಪ್ಪುನೀರಾಗುತ್ತದೆ. ಮುಚ್ಚಳದ ಕೆಳಗೆ ಬಾಡಿಸಿದ ಬಾಳೆ ಎಲೆ ಇಟ್ಟು ತಿರುಗಿಸಿ. ಅದೇ ಚೀಲದಲ್ಲಿ ಮುರುಗಲ (ಪುನರ್ಪುಳಿ) ತುಪ್ಪದ ಒಂದು ಉಂಡೆ ಇರಲಿ, ಒಡೆದ ಹಿಮ್ಮಡಿಗೆ ಅದೇ ಮದ್ದು.

ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮಂಗಳವಾರ ರಾತ್ರಿ ಕಲ್ಯಾಣ, ಬುಧವಾರ ರಥ, ಗುರುವಾರದಿಂದ ಜಾತ್ರೆಯ ಬಯಲಾದ ಬಿಡಕಿಬೈಲಿನಲ್ಲಿ ಉಡಿ ಸೇವೆ, ಹಣ್ಣುಕಾಯಿ. ರಥ ನೋಡಲೇಬೇಕೆಂದರೆ ಹಿಂದಿನ ದಿನವೇ ಬಂದು ಪರಿಚಿತರ ಮನೆ ಸೇರಿಕೊಳ್ಳಿ. ಉಡಿ ತುಂಬುವವರು ಬೆಳಗಿನ ಜಾವ ಸಾಲಿನಲ್ಲಿ ನಿಂತರೆ ಬಿಸಿಲೇರುವ ಮೊದಲು ಮುಗಿಯುತ್ತದೆ. ಕಾರವಾರದಲ್ಲಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗುವುದು ದೋಣಿಯಲ್ಲಿ. 2019ರ ಜಾತ್ರೆಯ ದಿನ ದೋಣಿ ಮಗುಚಿ ಮಕ್ಕಳೂ ಸೇರಿ ಅನೇಕರು ತೀರಿಕೊಂಡರು. ಲೈಫ್ ಜಾಕೆಟ್ ಕೊಡದ ದೋಣಿಗೆ ಹತ್ತಬೇಡಿ, ಹತ್ತಿದ ಮೇಲೆ ಬಿಚ್ಚಬೇಡಿ. ದೇವರು ದಂಡೆಯಿಂದ ಕೈಮುಗಿದರೂ ಒಪ್ಪಿಕೊಳ್ಳುತ್ತಾನೆ.

ಮಠದ ಸೇವೆಯನ್ನು ಮದುವೆಯಾದ ವರ್ಷವೇ ಶುರುಮಾಡಿ, ಆಮೇಲೆ ಎಂದರೆ ಆಗುವುದಿಲ್ಲ. ಸೋಂದಾ ಸ್ವರ್ಣವಲ್ಲಿಯಲ್ಲಿ ಚಾತುರ್ಮಾಸ್ಯದ ಹೊತ್ತಿನಲ್ಲಿ ಒಂದೊಂದು ಸೀಮೆಯವರು ಒಂದೊಂದು ದಿನ ಸೇವೆಗೆ ಹೋಗುತ್ತಾರೆ. ನಿಮ್ಮ ಸೀಮೆಯ ದಿನ ಯಾವುದೆಂದು ಮೊದಲೇ ಕೇಳಿ ಆ ದಿನದ ರಜೆ ಬರೆದುಬಿಡಿ. ಪಾದಪೂಜೆಯ ಸಾಲಿನಲ್ಲಿ ಮುಂದೆ ನಿಲ್ಲುವ ಆತುರ ಬೇಡ. ತರಕಾರಿ ಹೆಚ್ಚುವವರ ನಡುವೆ ಹೋಗಿ ಕೂತು ಒಂದು ಮೆಟ್ಟುಗತ್ತಿ ಕೇಳಿ. ಬಡಿಸುವುದಕ್ಕೆ ಕರೆದರೆ ಮೊದಲ ಸಲ ಉಪ್ಪು, ನೀರು ಹಿಡಿಯಿರಿ. ಸಾರಿನ ತಪ್ಪಲೆಗೆ ಪಳಗಿದ ಕೈ ಬೇಕು. ಕಾರವಾರದಲ್ಲಿ ವಾರಕ್ಕೊಮ್ಮೆ ಭಜನೆ ನಡೆಯುವ ಮನೆ ಸಿಕ್ಕರೆ ಬಿಡಬೇಡಿ. ಜ್ವರ ಬಂದ ರಾತ್ರಿ ಗಂಜಿ ತಂದುಕೊಡುವವರು ಆ ಮನೆಯವರೇ ಆಗಿರುತ್ತಾರೆ.

ಇನ್ನೊಂದು ಮಾತು. ಎರಡೂ ಮನೆಯಿಂದ ಬರುವ ಡಬ್ಬಿಗಳನ್ನು ಕಲಸಬೇಡಿ. ತವರಿನ ಡಬ್ಬಿಗೆ ಕೆಂಪು ದಾರ, ಅತ್ತೆಮನೆಯದಕ್ಕೆ ಹಳದಿ ದಾರ ಕಟ್ಟಿಡಿ. ಹಿಂದಿರುಗಿಸುವಾಗ ಖಾಲಿ ಕೊಡಬೇಡಿ, ಏನೂ ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲ ಹಾಕಿ. ಆಷಾಢ ಕಳೆದು ಸೊಸೆ ಬರುವಾಗ ನನ್ನ ಹಳೆಯ ಹಿತ್ತಾಳೆ ಡಬ್ಬಿಯಲ್ಲಿ ಅವಳ ಆಯಿ ಮುರುಗಲ ಸಿಪ್ಪೆ ಒತ್ತೊತ್ತಿ ತುಂಬಿ ಕಳಿಸಿದ್ದರು. ಹಿತ್ತಾಳೆಗೆ ಹುಳಿ ಆಗದೆಂದು ಒಳಗೆ ಬಾಳೆ ಎಲೆಯನ್ನು ಎರಡು ಪದರ ಹಾಸಿದ್ದರು.