ಗುಳ್ಳೆ ಒಂದು ಕಡೆ, ತೂತು ಇನ್ನೊಂದು ಕಡೆ

ನೆಗ್ಗಿಲು ಮುಳ್ಳನ್ನು ನೆಲಕ್ಕೆ ಹೇಗೆ ಎಸೆದರೂ ಒಂದು ಮೊನೆ ಮೇಲಕ್ಕೇ ನಿಲ್ಲುತ್ತದೆ. ಚಿತ್ರದುರ್ಗದ ಸುತ್ತಮುತ್ತ ಮಣ್ಣುದಾರಿಯಲ್ಲಿ ಸೈಕಲ್ ತುಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಬಳ್ಳಾರಿ ಜಾಲಿ ಬೇರೆ. ಬೇಲಿ ಸವರಿ ಕೊಂಬೆಗಳನ್ನು ದಾರಿಗುಂಟ ಎಳೆದುಕೊಂಡು ಹೋದ ಮಾರನೇ ದಿನ ಆ ದಾರಿಗೆ ಚಕ್ರ ಇಳಿಸಿದವನು ಕೆಟ್ಟ. ಕಳೆದ ವರ್ಷ ಸಂಕ್ರಾಂತಿಯಿಂದ ಯುಗಾದಿಯೊಳಗೆ ನನಗೆ ಹನ್ನೊಂದು ಪಂಚರ್. ಜೋಗಿಮಟ್ಟಿ ಕಡೆ ಹೋದ ಒಂದೇ ಬೆಳಗ್ಗೆ ಮೂರು. ಮೂರನೆಯದರ ಹೊತ್ತಿಗೆ ತೇಪೆಯೂ ಮುಗಿದು, ಸಲ್ಯೂಷನ್ನೂ ಮುಗಿದು, ಸೈಕಲ್ ತಳ್ಳಿಕೊಂಡು ಊರಿಗೆ ಬಂದೆ. ಕಾಲೇಜಿನಲ್ಲಿ ಮೊದಲನೇ ಪೀರಿಯಡ್ ತಪ್ಪಿತು.

ಟ್ಯೂಬಿನ ಸಹವಾಸವೇ ಬೇಡ, ಟ್ಯೂಬ್‌ಲೆಸ್ ಮಾಡೋಣ ಎಂದುಕೊಂಡೆ. ನನ್ನದು 29 ಇಂಚಿನ ಚಕ್ರದ ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್. ರಿಮ್ಮಿನ ಮೇಲಿನ ಸ್ಟಿಕ್ಕರ್‌ನಲ್ಲಿ 'ಟ್ಯೂಬ್‌ಲೆಸ್ ರೆಡಿ' ಎಂದಿತ್ತು, 622–25 ಎಂಬ ಅಂಕಿ ಇತ್ತು. 622 ಎಂದರೆ ಟೈರಿನ ಅಂಚು ಕೂರುವ ಜಾಗದ ವ್ಯಾಸ, 25 ಎಂದರೆ ರಿಮ್ಮಿನ ಒಳ ಅಗಲ, ಎರಡೂ ಮಿಲಿಮೀಟರ್‌ನಲ್ಲಿ. ಹಳೆಯ ಟೈರು ಟ್ಯೂಬ್‌ಲೆಸ್‌ಗೆ ಆಗದು ಎಂದು 2.25 ಇಂಚಿನ ಟ್ಯೂಬ್‌ಲೆಸ್ ರೆಡಿ ಟೈರು ಎರಡು ತರಿಸಿದೆ. ಸಾಧಾರಣ ಟೈರಿಗೇ ಸೀಲಂಟ್, ಅಂದರೆ ತೂತು ಮುಚ್ಚುವ ದ್ರವ, ಸುರಿದು ಓಡಿಸುವವರಿದ್ದಾರೆ. ಅದರ ಅಂಚು ಟ್ಯೂಬಿಲ್ಲದೆ ರಿಮ್ಮನ್ನು ಗಟ್ಟಿಯಾಗಿ ಕಚ್ಚಿಕೊಳ್ಳುವ ಹಾಗೆ ಮಾಡಿದ್ದಲ್ಲ. ಇಳಿಜಾರಿನಲ್ಲಿ ಕಳಚಿಕೊಂಡರೆ ಗಾಳಿ ಮಾತ್ರ ಹೋಗುವುದಿಲ್ಲ, ಹಲ್ಲೂ ಹೋಗುತ್ತದೆ.

"ಏನ್ ಮೇಷ್ಟ್ರೇ, ಸೈಕಲ್‌ಗೂ ಟ್ಯೂಬ್‌ಲೆಸ್ಸಾ?" ಎಂದು ನಗುತ್ತಲೇ ಕೇಳಿದರು ನಮ್ಮ ಬೀದಿಯ ಪಂಚರ್ ಅಂಗಡಿಯ ಚಾಚಾ. ದಿನಕ್ಕೆ ಹತ್ತಾರು ಬೈಕಿನ ಟ್ಯೂಬ್‌ಲೆಸ್ ಟೈರಿನ ತೂತಿಗೆ ರಬ್ಬರ್ ಸ್ಟ್ರಿಪ್ ತುರುಕುವ ಕೈ ಅದು. "ಹಾಕಿ, ಗಾಳಿ ಹೊಡೀರಿ, ಅಷ್ಟೇ. ಅದರಲ್ಲೇನಿದೆ?"

ಅದರಲ್ಲೇ ಎಲ್ಲಾ ಇತ್ತು. ಬೈಕಿನ ಅಲಾಯ್ ಚಕ್ರ ಒಂದೇ ಎರಕದ್ದು, ಅದರ ಒಳಮೈಯಲ್ಲಿ ವಾಲ್ವಿನದು ಬಿಟ್ಟರೆ ಬೇರೆ ತೂತಿಲ್ಲ. ಸೈಕಲ್ ಚಕ್ರಕ್ಕೆ ಕಡ್ಡಿಗಳಿವೆ. ನನ್ನದಕ್ಕೆ ಮೂವತ್ತೆರಡು, ಅಂದರೆ ರಿಮ್ಮಿನ ಒಳಗೆ ಮೂವತ್ತೆರಡು ಬಾಯಿ. 1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪನಿ ಟೈರ್ ಕಂಪನಿಗಳ ಜೊತೆ ಸೇರಿ ಯುಎಸ್‌ಟಿ ಎಂಬ ಟ್ಯೂಬ್‌ಲೆಸ್ ಪದ್ಧತಿ ತಂದಾಗ ರಿಮ್ಮಿನ ಒಳಮೈಗೆ ಕಡ್ಡಿ ತೂತೇ ಇಲ್ಲದ ಹಾಗೆ ಮಾಡಿದ್ದರು. ಚೊಕ್ಕ ಕೆಲಸ, ಆದರೆ ದುಬಾರಿ. ಆಮೇಲೆ ಅಮೆರಿಕದಲ್ಲಿ ಸ್ಟ್ಯಾನ್ಸ್ ನೋಟ್ಯೂಬ್ಸ್‌ನವರು ಇದ್ದ ರಿಮ್ಮಿಗೇ ಟೇಪು ಸುತ್ತಿ ಒಳಗೆ ದ್ರವ ಸುರಿಯುವ ದಾರಿಯನ್ನು ಜನಪ್ರಿಯ ಮಾಡಿದರು. ನಮ್ಮಂಥವರು ಮಾಡುವುದು ಅದನ್ನೇ. ಟ್ಯೂಬು ಮಾಡುತ್ತಿದ್ದ ಕೆಲಸದ ಅರ್ಧ ಭಾಗವನ್ನು ಒಂದು ತೆಳ್ಳನೆಯ ಟೇಪು ಹೊರಬೇಕು. ಇದು ನನ್ನ ತಲೆಗೆ ಇಳಿದದ್ದು ಮೂರು ವಾರ ಒದ್ದಾಡಿದ ಮೇಲೆ.

ಮೊದಲ ತಪ್ಪು ಅಂಗಡಿಯಲ್ಲೇ ಆಯಿತು. ರಿಮ್ಮಿನ ಮೇಲೆ 25 ಎಂದಿದೆ, ಆದ್ದರಿಂದ 25 ಮಿ.ಮೀ. ಟೇಪು ಎಂದುಕೊಂಡೆ. ರಿಮ್ಮಿನ ಒಳಮೈ ಚಪ್ಪಟೆಯಲ್ಲ. ನಡುವೆ ಕಾಲುವೆಯಂತೆ ತಗ್ಗು, ಎರಡು ಬದಿಗೆ ದಿಣ್ಣೆ. ಟೇಪು ಆ ತಗ್ಗಿಗೆ ಇಳಿದು ಮತ್ತೆ ಏರಬೇಕಾದ್ದರಿಂದ ಅಗಲ ಸಾಲದೆ ಬದಿಯಲ್ಲಿ ಬರಿಮೈ ಉಳಿಯಿತು. ಒಳ ಅಗಲಕ್ಕಿಂತ ಎರಡು-ಮೂರು ಮಿ.ಮೀ. ಹೆಚ್ಚಿರಬೇಕು. 28 ಮಿ.ಮೀ.ನದು ಮತ್ತೆ ತರಿಸಿದೆ. ಟೇಪು ಬರುವವರೆಗೆ ಕರೆಂಟ್ ಕೆಲಸದ ಕಪ್ಪು ಟೇಪು ಸುತ್ತಿ ನೋಡಿದ್ದೂ ಉಂಟು. ಎರಡನೇ ದಿನಕ್ಕೆ ಅದರ ಅಂಟು ಜಾರಿ ಎಲ್ಲ ಮುದ್ದೆ. ಆ ಕತೆ ಬೇಡ ಬಿಡಿ.

ಸರಿಯಾದ ಟೇಪು ಬಂದ ದಿನ ಹಳೇ ರಬ್ಬರ್ ಪಟ್ಟಿ ಕಿತ್ತು, ಮೆಡಿಕಲ್ ಶಾಪಿನಿಂದ ತಂದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ರಿಮ್ಮನ್ನು ಎರಡು ಸಲ ಒರೆಸಿದೆ. ಬೆರಳಿನ ಜಿಡ್ಡು ಸಾಕು ಟೇಪು ಏಳಲು. ವಾಲ್ವ್ ತೂತಿನಿಂದ ಒಂದು ಗೇಣು ಹಿಂದೆ ಶುರು ಮಾಡಿ, ಮಂಚಕ್ಕೆ ನವಾರು ಬಿಗಿಯುವಾಗ ಎಳೆಯುತ್ತಾರಲ್ಲ, ಹಾಗೆ ಎಳೆದೆಳೆದು ಹೆಬ್ಬೆರಳಿನಿಂದ ತಗ್ಗಿಗೆ ಒತ್ತುತ್ತಾ ಎರಡು ಸುತ್ತು ಸುತ್ತಿದೆ. ಆಮೇಲೆ ವಾಲ್ವ್ ತೂತಿನ ಮೇಲೆ ಬ್ಲೇಡಿನಿಂದ ಗುಣಿಸು ಗುರುತಿನ ಹಾಗೆ ಕೊಯ್ದು ವಾಲ್ವ್ ತೂರಿಸಿದೆ. ಈ ಬ್ಲೇಡಿನ ಗೀಟು ನೆನಪಿರಲಿ.

ವಾಲ್ವ್ ಬಗ್ಗೆ ಎರಡು ಮಾತು. ಸಪೂರ ಪ್ರೆಸ್ಟಾ ವಾಲ್ವಿಗೆ ರಿಮ್ಮಿನಲ್ಲಿ ಸುಮಾರು ಆರೂವರೆ ಮಿ.ಮೀ. ತೂತು, ಬೈಕಿನಂಥ ದಪ್ಪ ಶ್ರೇಡರ್‌ಗೆ ಎಂಟೂವರೆ. ಇಲ್ಲಿ ಸಿಗುವ ಎಷ್ಟೋ ಎಂಟಿಬಿಗಳಿಗೆ ದೊಡ್ಡ ತೂತೇ ಇರುತ್ತದೆ. ಅದಕ್ಕೆ ಸಪೂರ ವಾಲ್ವ್ ಹಾಕಿದರೆ ಅಲುಗಾಡುತ್ತಾ ಸೋರುತ್ತಲೇ ಇರುತ್ತದೆ. ಅಳತೆ ನೋಡಿ ತರಿಸಿ. ನನ್ನ ರಿಮ್ಮು ಪ್ರೆಸ್ಟಾದ್ದೇ ಆಗಿತ್ತು. ಇನ್ನೊಂದು, ಮೇಲಿನ ನಟ್ಟನ್ನು ಇಕ್ಕಳ ಹಾಕಿ ಬಿಗಿಯಬೇಡಿ. ಬುಡದ ರಬ್ಬರ್ ಹಿಸುಕಿ ವಾರೆಯಾಗುತ್ತದೆ, ದಾರಿಯಲ್ಲಿ ಬಿಚ್ಚಲೂ ಬರುವುದಿಲ್ಲ. ಕೈಬಿಗಿ ಸಾಕು.

ಟೈರು ಹತ್ತಿಸಿ ಮನೆಯ ಪಂಪಿನಿಂದ ಗಾಳಿ ಹೊಡೆದೆ. ನೂರು ಸಲ ಒತ್ತಿದರೂ ಬುಸ್ ಬುಸ್ ಎಂದು ಹೊಡೆದಷ್ಟೂ ಹೊರಕ್ಕೆ. ಟ್ಯೂಬ್‌ಲೆಸ್‌ನಲ್ಲಿ ಟೈರಿನ ಎರಡೂ ಅಂಚು ತಗ್ಗಿನಿಂದ ಮೇಲೆದ್ದು ದಿಣ್ಣೆಯ ಮೇಲೆ ಕೂತ ಮೇಲೇ ಗಾಳಿ ನಿಲ್ಲುವುದು. ಅವು ಏಳಬೇಕಾದರೆ ಒಮ್ಮೆಲೇ ಗಾಳಿ ನುಗ್ಗಬೇಕು. ಚಾಚಾ ಅಂಗಡಿಯ ಕಂಪ್ರೆಸರ್‌ಗೆ ಒಯ್ದೆ. ಅವರ ನಳಿಕೆ ಪ್ರೆಸ್ಟಾಗೆ ಕೂರಲಿಲ್ಲ, ನನ್ನ ಹತ್ತಿರ ಅಡಾಪ್ಟರ್ ಇರಲಿಲ್ಲ. ಕೊನೆಗೆ ಹೊಳೆದ ಉಪಾಯವನ್ನೇ ಈಗಲೂ ಮಾಡುತ್ತೇನೆ. ಮೊದಲು ಒಳಗೆ ಟ್ಯೂಬ್ ಹಾಕಿ ಗಾಳಿ ತುಂಬಿ ಒಂದು ರಾತ್ರಿ ಬಿಟ್ಟೆ. ಟ್ಯೂಬು ಟೇಪನ್ನು ರಿಮ್ಮಿಗೆ ಒತ್ತಿ ಅಂಟಿಸುತ್ತದೆ, ಟೈರಿನ ಮಡಿಕೆಯೂ ಹೋಗುತ್ತದೆ. ಬೆಳಗ್ಗೆ ಗಾಳಿ ಬಿಟ್ಟು ಒಂದೇ ಬದಿಯ ಅಂಚು ಬಿಡಿಸಿ ಟ್ಯೂಬ್ ಎಳೆದುಕೊಂಡೆ. ಇನ್ನೊಂದು ಬದಿ ಕೂತಲ್ಲೇ ಇರುತ್ತದೆ. ಬಿಡಿಸಿದ ಅಂಚಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಸವರಿ, ವಾಲ್ವಿನ ಒಳಗಿನ ಪಿನ್ನು ಬಿಚ್ಚಿ ಬಾಯಿ ಅಗಲ ಮಾಡಿಕೊಂಡು ರಪರಪ ಪಂಪ್ ಹೊಡೆದರೆ ಟಪ್, ಟಪ್ ಎಂದು ಎರಡು ಸಲ ಸಿಡಿದ ಸದ್ದು. ಟೈರಿನ ಅಂಚಿನಲ್ಲಿ ಒಂದು ಸಣ್ಣ ಗೆರೆ ಇರುತ್ತದೆ. ಅದು ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿ ಕಂಡರೆ ಕೂತಿದೆ ಎಂದರ್ಥ. ಕೂರಲಿಲ್ಲ ಎಂದು ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಒತ್ತಡ ದಾಟಿಸಬೇಡಿ.

ಆಮೇಲೆ ಸೀಲಂಟ್. ಲೇಟೆಕ್ಸ್ ಬೆರೆತ ಬೆಳ್ಳನೆ ದ್ರವ, ಅದರಲ್ಲಿ ನುಣ್ಣನೆಯ ಕಣಗಳು. ತೂತಿನಿಂದ ಗಾಳಿಯ ಜೊತೆ ಹೊರಗೆ ನುಗ್ಗುವಾಗ ಕಣಗಳು ಬಾಯಿಗೆ ಸಿಕ್ಕಿಕೊಂಡು ಲೇಟೆಕ್ಸ್ ಅಲ್ಲೇ ಹೆಪ್ಪುಗಟ್ಟುತ್ತದೆ. ಕಣಗಳು ತಳಕ್ಕೆ ಇಳಿದಿರುವುದರಿಂದ ಬಾಟಲಿಯನ್ನು ಚೆನ್ನಾಗಿ ಕುಲುಕಿ, ವಾಲ್ವ್ ಬಾಯಿಂದ ಸಿರಿಂಜಿನಲ್ಲಿ ಚಕ್ರಕ್ಕೆ ನೂರು ಮಿ.ಲೀ. ಹಾಕಿದೆ. ಸಪೂರ ರೋಡ್ ಟೈರಿಗಾದರೆ ಮೂವತ್ತು-ನಲವತ್ತು ಸಾಕು. ಸಿರಿಂಜಿನ ಪೈಪು ಒಮ್ಮೆ ಕಿತ್ತುಕೊಂಡು ಹಜಾರದ ತುಂಬಾ ಬೆಳ್ಳಗೆ ಚೆಲ್ಲಿತು. ಅಮ್ಮ ಅಡುಗೆಮನೆಯಿಂದ ಇಣುಕಿ, "ಅಯ್ಯೋ, ಮಜ್ಜಿಗೆ ಯಾರೋ ಚೆಲ್ಲಿದ್ದು?" ಎಂದರು. ಒಣಗಿದ ಮೇಲೆ ರಬ್ಬರ್ ಸಿಪ್ಪೆಯಂತೆ ಸುಲಿದು ಬಂತು, ಪುಣ್ಯ. ಬಟ್ಟೆಗೆ ಬಿದ್ದಿದ್ದರೆ ಅಷ್ಟು ಸುಲಭವಿರಲಿಲ್ಲ.

ಗಾಳಿ ತುಂಬಿ, ಚಕ್ರವನ್ನು ಎರಡೂ ಕೈಲಿ ಹಿಡಿದು ಮೊರದಲ್ಲಿ ಅಕ್ಕಿ ಕೇರಿದಂತೆ ಅಲ್ಲಾಡಿಸಿ, ಬಕೆಟ್ಟಿನ ಮೇಲೆ ಮಲಗಿಸಿ, ಅರ್ಧ ಗಂಟೆಗೊಮ್ಮೆ ಮಗುಚಿ ಹಾಕಿದೆ. ಮುಂದಿನ ಚಕ್ರ ಅಲ್ಲಿಗೆ ಸುಮ್ಮನಾಯಿತು. ಹಿಂದಿನದು ರಾತ್ರಿ 35 ಪಿಎಸ್‌ಐ ಒತ್ತಡ ಇದ್ದದ್ದು ಬೆಳಗ್ಗೆ ಹಪ್ಪಳ.

ಸೋಪಿನ ನೀರು ಸಿಂಪಡಿಸಿದೆ. ವಾಲ್ವಿನ ಎದುರು ದಿಕ್ಕಿನಲ್ಲಿ ಒಂದು ಕಡ್ಡಿಯ ಬುಡದ ನಿಪ್ಪಲ್ಲಿನಿಂದ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು) ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಸಿಕ್ಕಿತು ಕಳ್ಳ ಎಂದುಕೊಂಡೆ. ಇಡೀ ಟೈರ್ ಬಿಚ್ಚಿ, ಸೀಲಂಟನ್ನು ಲೋಟಕ್ಕೆ ಬಗ್ಗಿಸಿಕೊಂಡು, ಆ ಕಡ್ಡಿಯ ಮೇಲೆ ಒಂದು ತುಂಡು ಟೇಪು ಹೆಚ್ಚಿಗೆ ಅಂಟಿಸಿ ಮತ್ತೆ ಕಟ್ಟಿದೆ. ಮಾರನೇ ಬೆಳಗ್ಗೆ ಮತ್ತೆ ಹಪ್ಪಳ. ಈ ಸಲ ಗುಳ್ಳೆ ಪಕ್ಕದ ಕಡ್ಡಿಯಲ್ಲೂ, ರಿಮ್ಮಿನ ಎರಡು ತುದಿ ಕೂಡುವ ಜೋಡಣೆಯ ಗೀಟಿನಲ್ಲೂ. ಮತ್ತೆ ಬಿಚ್ಚಿ, ಮತ್ತೆರಡು ತುಂಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸವನ್ನು ಹೀಗೆ ಎರಡು ಭಾನುವಾರ ಮಾಡಿದೆ.

ಬಿಡಿಸಿದ್ದು ಚಾಚಾ. ಚಕ್ರ ನೋಡಿ, ಬೆರಳ ಗೆಣ್ಣಿನಿಂದ ರಿಮ್ಮನ್ನು ಬಡಿದು, "ಇದು ಒಳಗೆ ಪೊಳ್ಳು ಅಲ್ವಾ ಮೇಷ್ಟ್ರೇ? ಗಾಳಿ ಎಲ್ಲಿಂದಲೋ ಒಳಗೆ ಹೋಗಿ ಎಲ್ಲಿಂದಲೋ ಬರ್ತಿರಬೇಕು. ಮನೆ ಸೂರು ಸೋರೋದಿಲ್ವಾ ಹಂಗೆ" ಎಂದರು. ರಿಮ್ಮು ಎರಡು ಪದರದ್ದು, ನಡುವೆ ಸುತ್ತಲೂ ಟೊಳ್ಳು. ಟೇಪಿನಲ್ಲಿ ಎಲ್ಲೇ ಒಂದು ಸೀಳಿದ್ದರೂ ಗಾಳಿ ಆ ಟೊಳ್ಳಿಗೆ ಇಳಿದು, ಸಡಿಲ ಸಿಕ್ಕಿದ ಬಾಯಿಂದ ಹೊರಬೀಳುತ್ತದೆ. ಹೊರಗಿನ ಗುಳ್ಳೆ ಹೇಳುವುದು ಇಷ್ಟೇ: ಟೈರಿನ ಅಂಚು ಚೆನ್ನಾಗಿದೆ, ಟೇಪು ಕೆಟ್ಟಿದೆ. ಟೇಪು ಎಲ್ಲಿ ಕೆಟ್ಟಿದೆ ಎಂದು ಅದಕ್ಕೂ ಗೊತ್ತಿಲ್ಲ.

ಮೂರನೇ ಸಲ ಬಿಚ್ಚಿದಾಗ ಗುಳ್ಳೆ ಬಂದ ಜಾಗ ನೋಡಲಿಲ್ಲ. ಟೇಪನ್ನು ಒರೆಸಿ ಒಣಗಿಸಿ, ಮೊಬೈಲ್ ಟಾರ್ಚ್ ಅಡ್ಡಡ್ಡ ಹಿಡಿದು ಇಡೀ ಸುತ್ತು ಇಂಚಿಂಚು ಹುಡುಕಿದೆ. ವಾಲ್ವ್ ಬುಡದಲ್ಲಿತ್ತು. ನಾನು ಬ್ಲೇಡಿನಲ್ಲಿ ಕೊಯ್ದ ಗೀಟಿನ ಒಂದು ಮೂಲೆ, ಬಿಗಿದ ಟೇಪಿನ ಉದ್ದಕ್ಕೂ ಸೆಂಟಿಮೀಟರಿನಷ್ಟು ಹರಿದು ರಬ್ಬರ್ ಬುಡವನ್ನು ದಾಟಿ ಹೋಗಿತ್ತು. ಟೇಪನ್ನು ಅಲ್ಲಿ ಎತ್ತಿ ನೋಡಿದರೆ ಅಡಿಯಲ್ಲಿ ಸೀಲಂಟು ಹರಿದ ಬಿಳಿ ಗೆರೆ, ಹಾದಿಯ ಹಾಗೆ. ಅದೇ ಗೆರೆ ಹಿಡಿದು ಹೋದರೆ ಮೊದಲ ಕಡ್ಡಿ ತೂತು.

ಇಡೀ ಟೇಪು ಕಿತ್ತು ಹೊಸದು ಸುತ್ತಿದೆ. ಈ ಸಲ ಬ್ಲೇಡ್ ಮುಟ್ಟಲಿಲ್ಲ. ಅಮ್ಮನ ಹತ್ತಿರ ಗೋಣಿಚೀಲ ಹೊಲಿಯುವ ದಬ್ಬಳ ಇಸಕೊಂಡು, ಗ್ಯಾಸ್ ಉರಿಯಲ್ಲಿ ಕಾಯಿಸಿ ಟೇಪಿಗೆ ಚುಚ್ಚಿದೆ. ಟೇಪಿನ ಅಂಚು ಕರಗಿ ದುಂಡಗೆ ಸಣ್ಣ ತುಟಿಯಂತೆ ನಿಂತಿತು. ಕೊಯ್ದದ್ದಕ್ಕೆ ಮೂಲೆ ಇರುತ್ತದೆ, ಹರಿಯುವುದು ಅಲ್ಲಿಂದಲೇ ಶುರು. ಕರಗಿದ ದುಂಡು ತೂತು ಹಿಗ್ಗುತ್ತದೆ, ಸುಲಭಕ್ಕೆ ಹರಿಯದು. ತೂತು ವಾಲ್ವಿಗಿಂತ ಚಿಕ್ಕದಿರುವಂತೆ ನೋಡಿಕೊಂಡು ವಾಲ್ವನ್ನು ಒತ್ತಿ ತೂರಿಸಿದೆ. ಮಾರನೇ ದಿನ ಬೆಳಗ್ಗೆ ಗೇಜು ಹಿಡಿದರೆ 35 ಇದ್ದದ್ದು 33. ಮೊದಲ ವಾರ ದಿನಕ್ಕೆ ಒಂದೆರಡು ಇಳಿಯುವುದು ಸಹಜ, ಟೈರಿನ ಮೈಯ ಸಣ್ಣ ರಂಧ್ರಗಳಲ್ಲಿ ಸೀಲಂಟು ಹನಿಹನಿಯಾಗಿ ಬೆವರಿ ಮುಚ್ಚಿಕೊಳ್ಳುವವರೆಗೆ. ಓಡಿಸಿದಷ್ಟೂ ಬೇಗ ಮುಚ್ಚುತ್ತದೆ. ಗೋಡೆಗೆ ಒರಗಿಸಿಟ್ಟರೆ ಸೀಲಂಟು ತಳದಲ್ಲೇ ಕೂತಿರುತ್ತದೆ.

ಟ್ಯೂಬ್ ಇದ್ದಾಗ ಕಲ್ಲಿಗೆ ಬಡಿದು ಟ್ಯೂಬು ಹಿಸುಕಿ ಎರಡು ತೂತು ಬೀಳುತ್ತದೆ ಎಂಬ ಹೆದರಿಕೆಗೆ 40 ಪಿಎಸ್‌ಐ ಇಡುತ್ತಿದ್ದೆ. ಈಗ ಹಿಂದೆ 27, ಮುಂದೆ 24. ನನ್ನ ತೂಕ ಎಪ್ಪತ್ತೆರಡು ಕೆ.ಜಿ.; ನಿಮ್ಮದಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ. ಜಲ್ಲಿ ದಾರಿಯಲ್ಲಿ ಅಂಗೈ ಜುಮ್ಮೆನ್ನುವುದು ನಿಂತಿದ್ದು ನನಗೆ ಪಂಚರ್ ನಿಂತದ್ದಕ್ಕಿಂತ ದೊಡ್ಡ ಲಾಭ.

ದುರ್ಗದ ಬೇಸಿಗೆಗೆ ಸೀಲಂಟು ಎರಡು-ಮೂರು ತಿಂಗಳಿಗೆ ಒಣಗಿಬಿಡುತ್ತದೆ. ಟೈರ್ ಬಿಚ್ಚದೆ ತಿಳಿಯಲು ಚಕ್ರ ಕಳಚಿ, ತೆಂಗಿನಕಾಯಿ ಅಲ್ಲಾಡಿಸಿ ನೋಡುವ ಹಾಗೆ ಕಿವಿ ಹತ್ತಿರ ಹಿಡಿದು ಕುಲುಕುತ್ತೇನೆ. ಗುಳುಗುಳು ಕೇಳದಿದ್ದರೆ ಐವತ್ತು ಮಿ.ಲೀ. ಹೊಸದು. ಗಾಳಿ ಹೊಡೆಯಲು ಕಷ್ಟವಾಗತೊಡಗಿದರೆ ಪಂಪನ್ನು ಬೈಯಬೇಡಿ, ಪಿನ್ನಿಗೆ ಲೇಟೆಕ್ಸ್ ಕಟ್ಟಿಕೊಂಡಿರುತ್ತದೆ. ಬಿಚ್ಚಿ ಸುಲಿದು ಹಾಕಿ.

ಒಂದು ಟ್ಯೂಬ್ ಈಗಲೂ ಬ್ಯಾಗಿನಲ್ಲಿರುತ್ತದೆ. ಮುಳ್ಳಿನ ತೂತನ್ನು ಸೀಲಂಟು ಮುಚ್ಚುತ್ತದೆ, ಸ್ವಲ್ಪ ದೊಡ್ಡದಾದರೆ ಚಾಚಾ ಬೈಕಿಗೆ ಹಾಕುವಂಥದೇ ಸ್ಟ್ರಿಪ್ಪಿನ ಸಣ್ಣ ತಮ್ಮನನ್ನು ತುರುಕಬಹುದು. ಕಲ್ಲಿನ ಅಲಗಿಗೆ ಟೈರಿನ ಪಕ್ಕ ಸೀಳಿದರೆ ಎರಡೂ ನಿಲ್ಲುವುದಿಲ್ಲ. ಹಾಗೆ ಒಮ್ಮೆ ಸೀಳಿದಾಗ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿದೆ, ಥಟ್ಟನೆ ಕೈ ಎಳೆದುಕೊಂಡೆ. ಒಳಮೈ ತುಂಬಾ ಮುಳ್ಳಿನ ಮೊನೆ. ನನಗೆ ತಿಳಿಯದೆಯೇ ಚುಚ್ಚಿ, ತಿಳಿಯದೆಯೇ ಮುಚ್ಚಿಹೋದವು. ಎಣಿಸಿದರೆ ಇಪ್ಪತ್ತಮೂರು. ಅವನ್ನು ಒಂದೊಂದಾಗಿ ಕೀಳದೆ ಟ್ಯೂಬ್ ಹಾಕಿದ್ದರೆ ಹತ್ತು ಹೆಜ್ಜೆಯೂ ಹೋಗುತ್ತಿರಲಿಲ್ಲ. ಅದಕ್ಕೇ ಈಗ ಟ್ಯೂಬಿನ ಜೊತೆ ಒಂದು ಚಿಮುಟವೂ ಇದೆ.

ಮುಂದಿನ ಚಕ್ರ ಇತ್ತೀಚೆಗೆ ವಾರಕ್ಕೆ ಐದಾರು ಪಿಎಸ್‌ಐ ಇಳಿಯುತ್ತಿದೆ. ಸೋಪಿನ ನೀರು ಹಾಕಿ ನೋಡಿದೆ, ಗುಳ್ಳೆ ಬರುತ್ತಿರುವುದು ರಿಮ್ಮಿನ ಜೋಡಣೆಯಲ್ಲಿ. ಆ ಚಕ್ರದ ಟೇಪಿಗೂ ತೂತು ಕೊಯ್ದದ್ದು ಅದೇ ಬ್ಲೇಡು. ಶನಿವಾರ ಅರ್ಧ ದಿನ ಕಾಲೇಜು. ದಬ್ಬಳ ತೆಗೆದಿಡಲು ಅಮ್ಮನಿಗೆ ಹೇಳಿದ್ದೇನೆ.